ಬೂದಿ ಬುಧವಾರದ ಹಣೆ

ಎಲ್ಲವೂ ಹೀಗೆಯೇ ನಡೆಯಿತೆಂದು ಖಾತ್ರಿಯಿಲ್ಲ. ಕೆಲವು ವಿವರ ತಪ್ಪಿರಬಹುದು. ಆದರೆ ಒದ್ದೆ ವಿಭೂತಿಯ ವಾಸನೆ ಬಂದರೆ ಈಗಲೂ ಖಾನಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಸಿಸ್ಟರುಗಳ ಸಾಲೆಯಲ್ಲಿ ಅಂದು ಬೂದಿ ಬುಧವಾರ. ಕ್ರೈಸ್ತ ಮಕ್ಕಳ ಸಾಲಿನಲ್ಲಿ ನಾನೂ ನಿಂತೆ. ದಿನವೂ ವಿಭೂತಿ ಹಚ್ಚುವ ಲಿಂಗಾಯತರ ಹುಡುಗಿ ನಾನು. ಬೂದಿ ನಮ್ಮದೂ ಅಲ್ಲವೇ ಅಂದುಕೊಂಡಿದ್ದೆ. ಫಾದರ್ ಹೆಬ್ಬೆರಳಿನಿಂದ ಹಣೆಯ ಮೇಲೆ ಬೂದಿಯ ಶಿಲುಬೆ ಎಳೆದರು.

"ಒರಸಿದ್ರ ಪಾಪ ಬರ್ತೈತಿ ನೋಡ," ಎಂದು ಗೆಳತಿ ಫಿಲೋಮಿನಾ ದಾರಿಯುದ್ದಕ್ಕೂ ಹೆದರಿಸಿದಳು. ಶಿಲುಬೆ ಮನೆಗೆ ಬಂದರೆ ಸಾಲೆ ಬಿಡಿಸುವೆನೆಂದು ಅಪ್ಪ ಮೊದಲೇ ಹೇಳಿದ್ದ.

ಬಾಗಿಲಲ್ಲೇ ಅಜ್ಜಿ ನನ್ನ ಗದ್ದ ಹಿಡಿದಳು. "ಇದನ್ಯಾರ ಹಚ್ಚಿದ್ರು?"

"ಫಾದರ್. ಬೂದೀನ ಅಲ್ಲೇನ ಅಜ್ಜಿ?"

ಅಷ್ಟರಲ್ಲಿ ಅಂಗಳದಲ್ಲಿ ಅಪ್ಪನ ಸೈಕಲ್ ಸದ್ದಾಯಿತು. "ಕಣ್ಣ ಮುಚ್ಚ," ಎಂದಳು ಅಜ್ಜಿ. ಅವಳ ಒರಟು, ಒದ್ದೆ ಬೆರಳುಗಳು ಹಣೆಯ ಮೇಲೆ ಓಡಾಡಿದವು. ಕಣ್ಣು ತೆರೆದಾಗ ಅಪ್ಪ ನನ್ನನ್ನೇ ನೋಡುತ್ತಿದ್ದ.

"ಏನವ್ವಾ, ಇವತ್ತ ವಿಭೂತಿ ಭಾಳ ದಪ್ಪ ಆಗೇತಲ್ಲ?"

"ಬಿಸಲ ಐತಿ. ತಣ್ಣಗಿರ್ಲಿ ಕೂಸಿಗೆ."

ಅಪ್ಪ ನನ್ನ ಸಾಲೆ ಬಿಡಿಸಲಿಲ್ಲ.

ಅಂದು ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದವಳು ಅಪ್ಪನ ತಂಗಿ, ನನ್ನ ಅತ್ತೆ. ಅನಗೋಳದ ಅವಳ ಮನೆಗೆ ಹೋದಾಗಲೆಲ್ಲ, ಅವಳು ಚಹಾ ಸೋಸುವಾಗ ಕೇಳುತ್ತೇನೆ: "ಅತ್ತಿ, ಖರೇ ಹೇಳ. ಅಜ್ಜಿ ಆ ಶಿಲುಬಿ ಒರಸಿದ್ಳೋ, ಇಲ್ಲಾ ಅದರ ಮ್ಯಾಲೇ ವಿಭೂತಿ ಹಚ್ಚಿದ್ಳೋ?"