ಅದಲುಬದಲಾದ ತಾರೀಕು

ಗಣಿ ಕಚೇರಿಯಲ್ಲಿ ನಕ್ಷೆ ತಯಾರಿಸುವ ಫಿಲೋಮಿನಾಳ ಕಂಪ್ಯೂಟರಿನಲ್ಲಿ ಎರಡು ನಕ್ಷೆಗಳು ತೆರೆದಿದ್ದವು. ಒಂದು ಹೋದ ವರ್ಷದ್ದು, ಇನ್ನೊಂದು ಇವತ್ತು ಬೆಳಿಗ್ಗೆಯದು. ಎರಡರಲ್ಲೂ ನೆಲದೊಳಗಿನ ಬಂಡೆ ಪುಟ್ಟ ಪುಟ್ಟ ಘನಗಳಾಗಿ ಕಾಣುತ್ತಿತ್ತು: ಗಟ್ಟಿ ಇದ್ದಲ್ಲಿ ನೀಲಿ, ಬಿರುಕು ಬಿಟ್ಟಲ್ಲಿ ಕೆಂಪು. ಹೋದ ವರ್ಷದ್ದು ಪೂರ್ತಿ ನೀಲಿ. ಇವತ್ತಿನದರಲ್ಲಿ ಏಳನೇ ಸುರಂಗದ ಚಾವಣಿ ಕೆಂಡದ ಹಾಗಿತ್ತು.

"ಎರಡರ ತಾರೀಕೂ ಅದಲುಬದಲು ಮಾಡಮ್ಮ," ಎಂದರು ಮ್ಯಾನೇಜರು. "ಹೋದ ವರ್ಷ ಬಿರುಕಿತ್ತು, ಈಗ ರಿಪೇರಿ ಆಗಿದೆ ಅಂತ ಕಾಣಲಿ. ಇವತ್ತು ಗಣಿ ಸುರಕ್ಷತೆಯ ಇನ್‌ಸ್ಪೆಕ್ಟರು ಬರ್ತಾರೆ, ನಕ್ಷೆ ನೋಡ್ತಾರೆ, ಕಾಫಿ ಕುಡೀತಾರೆ, ಹೋಗ್ತಾರೆ."

"ಸರ್, ಅಲ್ಲಿ ಜನ ಇಳೀತಾರೆ."

"ಇಳಿಯೋಳು ನೀನಲ್ಲ ತಾನೆ?"

ಫಿಲೋಮಿನಾ ಆ ಕೆಂಪು ಚಾವಣಿಯನ್ನು ಇನ್ನೊಮ್ಮೆ ನೋಡಿದಳು. ಆದರೂ ಎರಡು ತಾರೀಕುಗಳನ್ನೂ ತಿದ್ದಿದಳು.

ಇನ್‌ಸ್ಪೆಕ್ಟರು ಬಂದು ನಕ್ಷೆಗಳನ್ನು ನೋಡಿ ತುಂಬ ಮೆಚ್ಚಿಕೊಂಡರು. ಕಾಫಿ ಮಾತ್ರ ಮುಟ್ಟಲಿಲ್ಲ.

"ಇಂಥ ರಿಪೇರಿ ನಾನೆಲ್ಲೂ ಕಂಡಿಲ್ಲ, ಕಣ್ಣಾರೆ ನೋಡಲೇಬೇಕು. ಏಳನೇ ಸುರಂಗಕ್ಕೇ ಇಳಿಯೋಣ. ಮ್ಯಾನೇಜರೇ, ನೀವು ಮುಂದೆ ನಡೀರಿ."

ಮ್ಯಾನೇಜರು ಗೋಡೆಯ ಮೊಳೆಯಲ್ಲಿದ್ದ ಹೆಲ್ಮೆಟ್ ತೆಗೆದು, ಅದರ ದೂಳು ಒರೆಸಿ, ಫಿಲೋಮಿನಾಳ ಕೈಗಿಟ್ಟರು.

"ನಕ್ಷೆ ಮಾಡಿದವಳು ಇವಳೇ ಸರ್. ದಾರಿ ಇವಳಿಗೇ ಚೆನ್ನಾಗಿ ಗೊತ್ತು."