ಕನ್ನಡಕದ ಬಾಯಿ

ಕನ್ನಡಕದ ಕಡ್ಡಿಯೊಳಗಿನ ತಂತಿ ಕಿತ್ತುಹೋಗಿರುವುದು ತಮ್ಮನ ಕಣ್ಣಿಗೆ ಬಿದ್ದದ್ದು ಶನಿವಾರ ಬೆಳಿಗ್ಗೆ. ಸೋಮವಾರ ಇಂಥವೇ ಇಪ್ಪತ್ತು ಕನ್ನಡಕಗಳು ಕಣ್ಣು ಕಾಣದ ಇಪ್ಪತ್ತು ಜನರ ಕೈ ಸೇರಬೇಕಿತ್ತು. ದಾರಿಯಲ್ಲಿ ಇರುವುದನ್ನೆಲ್ಲ ನೋಡಿ ಕಿವಿಯಲ್ಲಿ ಹೇಳುವ ಕನ್ನಡಕ. ಮಾಡಿದವನು ಅವನು, ಮೂರು ತಿಂಗಳಿಂದ ಅದನ್ನು ಹಾಕಿಕೊಂಡು ಆಸ್ಪತ್ರೆಯ ಕೆಲಸಕ್ಕೆ ಹೋಗಿಬರುತ್ತಿದ್ದವಳು ಅವರಂತೆಯೇ ಕಣ್ಣು ಕಾಣದ ಅಕ್ಕ. ಅದರ ಮೆಮರಿಯನ್ನು ಕಂಪ್ಯೂಟರಿಗೆ ಹಾಕಿ ನೋಡಿದ. ಅದು ಕೊನೆಯ ಮಾತು ಆಡಿ ಹನ್ನೊಂದು ದಿನವಾಗಿತ್ತು.

ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು.

"ನಿನ್ನೆ ಹೇಗಿತ್ತಕ್ಕಾ ಕನ್ನಡಕ?"

"ಚೆನ್ನಾಗಿತ್ತು. ಒಂದೂ ತಪ್ಪು ಹೇಳ್ಲಿಲ್ಲ."

"ಹೇಗೆ ಹೇಳುತ್ತೆ? ಅದು ಬಾಯಿ ಮುಚ್ಚಿ ಹನ್ನೊಂದು ದಿನ ಆಯ್ತು."

ಸುಲಿಯುವ ಬೆರಳುಗಳು ನಿಂತವು. "ಅದಕ್ಕೇ ಅಷ್ಟು ಹಾಯಾಗಿತ್ತು," ಎಂದು ನಗಲು ನೋಡಿದಳು. ಅವನು ನಗಲಿಲ್ಲ. "ಗೊತ್ತಿತ್ತು ಕಣೋ. ಆ ರಸ್ತೆ ನನಗೆ ಅಂಗೈ ಇದ್ದ ಹಾಗೆ. ದಿನಾ ಸಂಜೆ ಬಾಗಿಲಲ್ಲೇ ನಿಂತು ಹೇಗಿತ್ತು ಅಂತ ಕೇಳ್ತೀಯ. ಎಷ್ಟು ಆಸೆಯಿಂದ ಕೇಳ್ತೀಯ ಅಂತ ನಿನಗೇ ಕೇಳ್ಸಲ್ಲ."

"ಸೋಮವಾರ ಇಪ್ಪತ್ತು ಜನ ಇದನ್ನ ನಂಬಿ ರಸ್ತೆಗೆ ಇಳೀತಾರಕ್ಕಾ."

ಅವಳು ತಟ್ಟೆ ಸರಿಸಿ ಎದ್ದಳು. "ತಂತಿ ಹಾಕು. ನನಗೆ ಗೊತ್ತಿಲ್ಲದ ಬೀದಿಗೆ ಕರ್ಕೊಂಡು ಹೋಗು."

ಎರಡು ಬಸ್ಸು ಬದಲಿಸಿ ಇಳಿದ ಬೀದಿಯಲ್ಲಿ ಕನ್ನಡಕ ಬಾಯಿ ಬಿಟ್ಟಿತು. ಎಡಕ್ಕೆ ಕಂಬ, ಬಲಕ್ಕೆ ಸೈಕಲ್ಲು, ಮುಂದೆ ಕಸದ ಡಬ್ಬಿ, ಎಡಕ್ಕೆ ಬಾಗಿಲು, ಬಲಕ್ಕೆ ನಾಯಿ. ಅದರಲ್ಲಿ ತುಂಬಿಸಿದ್ದು ಅವನದೇ ದನಿ. ಏನೊಂದೂ ಬಿಟ್ಟುಹೋಗಬಾರದೆಂದು ಕೂತು ಕಲಿಸಿದ್ದ. ಹತ್ತು ಹೆಜ್ಜೆಗೆ ಅಕ್ಕ ನಿಂತುಬಿಟ್ಟಳು. ಕೋಲನ್ನು ಸುಮ್ಮನೆ ಅತ್ತಿತ್ತ ಆಡಿಸಿದಳು. ಅಕ್ಕನಿಗೆ ದಿಕ್ಕು ತೋಚದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಕಸದ ಡಬ್ಬಿ ಕೋಲಿಗೆ ಸಿಗುತ್ತೆ," ಎಂದಳು. "ನಾಯಿ ಉಸಿರು ಬಿಡುತ್ತೆ. ಗೋಡೆ ಮುಗಿದ್ರೆ ಗಾಳಿ ಬದಲಾಗುತ್ತೆ. ಇದು ಒಂದನ್ನೂ ಕೇಳೋಕೆ ಬಿಡಲ್ಲ. ಚಿಕ್ಕೋನಿದ್ದಾಗ ನೀನೂ ಹೀಗೇ, ಕೈ ಹಿಡಿದ್ರೆ ಸಾಕು, ಬಾಯಿಗೆ ಬೀಗ ಇಲ್ಲ."

"ಹಾಗಾದ್ರೆ ಏನು ಹೇಳ್ಬೇಕು ಇದು?"

"ಕೋಲಿಗೆ ಸಿಗದ್ದು. ತಲೆ ಎತ್ತರಕ್ಕೆ ಚಾಚ್ಕೊಂಡಿರೋದು. ಅಷ್ಟೇ."

ಅವನು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಒಂದೊಂದನ್ನೇ ಸುಮ್ಮನಾಗಿಸಿದ. ಕಂಬ. ಸೈಕಲ್ಲು. ನಾಯಿ. ಒಂದೊಂದಕ್ಕೂ ಒಂದೊಂದು ವಾರದ ನಿದ್ದೆ ಕೆಟ್ಟಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು. ಸಂಜೆ ಬಾಗಿಲಲ್ಲಿ ನಿಂತು ತಾನು ಕಾಯುತ್ತಿದ್ದುದು ಉತ್ತರಕ್ಕೋ ಹೊಗಳಿಕೆಗೋ ಎಂದು ಯೋಚಿಸಿ, ಕೇಳಲಿಲ್ಲ.

"ನೀನು ಇಲ್ಲೇ ಕೂತಿರು," ಎಂದಳು ಅಕ್ಕ. "ಬೀದಿ ಕೊನೆಗೆ ಹೋಗಿ ಬರ್ತೀನಿ. ಹಿಂದೆ ಬಂದ್ರೆ ಅದು ಪರೀಕ್ಷೆ ಅಲ್ಲ."

ಕೋಲು ತಟ್ಟುತ್ತ ಹೊರಟಳು. ಮುಂದೆ ಮನೆಯೊಂದರ ಕಬ್ಬಿಣದ ಕಿಟಕಿ ಸರಿಯಾಗಿ ಅವಳ ಹಣೆಯ ಎತ್ತರಕ್ಕೆ ಬೀದಿಗೆ ತೆರೆದುಕೊಂಡಿತ್ತು. ಅವನಿಗೆ ಕೂರಲಾಗಲಿಲ್ಲ. ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಹಿಂಬಾಲಿಸಿದ. ಕಿಟಕಿ ಇನ್ನೊಂದು ಮಾರು ದೂರವಿರುವಾಗ ಅಕ್ಕ ತಲೆ ತಗ್ಗಿಸಿ, ಪಕ್ಕಕ್ಕೆ ಸರಿದು, ದಾಟಿ ಹೋದಳು.

ನಾಲ್ಕು ಹೆಜ್ಜೆಯಾದ ಮೇಲೆ, ಹಿಂದೆ ತಿರುಗದೆಯೇ ಹೇಳಿದಳು:

"ಗಾಜಿನ ಚೂರು ಬಿದ್ದಿರುತ್ತೆ ಕಣೋ. ಶೂ ಹಾಕ್ಕೋ."