ಬೊಳ್ಳಿ ದನಿ ಕೊಟ್ಟಳು

ಕಾಡಂಚಿನ ಜೇನುಕುರುಬರ ಹಾಡಿಯ ಶಾಲೆಗೆ ಸೇರಿದ ಮಕ್ಕಳಿಗೆಲ್ಲ ಸರ್ಕಾರ ಒಂದೊಂದು ಕಿವಿಮಣಿ ಕೊಡುತ್ತಿತ್ತು. ಟೀಚರ್ ಕನ್ನಡದಲ್ಲಿ ಹೇಳಿದ್ದನ್ನು ಅದು ಆ ಕ್ಷಣವೇ ಅವರ ನುಡಿಯಲ್ಲಿ ಹೇಳುತ್ತಿತ್ತು. ಆದರೂ ಆರು ವರ್ಷದ ಚಿನ್ನಿ ಮೂರೇ ದಿನಕ್ಕೆ ಶಾಲೆ ಬಿಟ್ಟಳು. "ಕಿವಿಯೊಳಗೆ ಯಾರೋ ಗೊತ್ತಿಲ್ಲದವರು ಮಾತಾಡ್ತಾರೆ" ಎಂದು ಅತ್ತಳು.

ನಾಲ್ಕನೆಯ ದಿನ ಪ್ರಫುಲ್ಲಾ ಟೀಚರ್ ಮನೆಗೇ ಬಂದು ಚಿನ್ನಿಯ ತಾಯಿಯನ್ನು ಕೇಳಿದರು. "ಬೊಳ್ಳಮ್ಮಾ, ಮಣಿಗೆ ನಿಮ್ಮ ದನಿ ಕೊಡ್ತೀರಾ? ಸ್ವಲ್ಪ ಹೊತ್ತು ಮಾತಾಡಿದ್ರೆ ಅದು ಕಲ್ತುಕೊಂಡು ನಿಮ್ಮ ದನಿಯಲ್ಲೇ ಪಾಠ ಹೇಳುತ್ತೆ."

ಬೊಳ್ಳಿ ತಲೆ ತಗ್ಗಿಸಿದಳು. ಚಿಕ್ಕವಳಿದ್ದಾಗ ತರಗತಿಯಲ್ಲಿ ಅವಳ ನುಡಿ ಕೇಳಿ ಎಲ್ಲರೂ ನಕ್ಕಿದ್ದರು. ಅವಳ ಓದು ಅಂದೇ ಮುಗಿದಿತ್ತು.

"ನನ್ನ ಮಾತು ಶಾಲೆಗೆ ಆಗೋದಲ್ಲ, ಟೀಚರ್."

ಆದರೆ ಮೂಲೆಯಲ್ಲಿ ಮುದುಡಿ ಕೂತ ಮಗಳನ್ನು ನೋಡಿ ಅವಳ ಮನಸ್ಸು ತಡೆಯಲಿಲ್ಲ. ಮಣಿಯನ್ನು ಬಾಯಿಯ ಹತ್ತಿರ ಹಿಡಿದು, ಮರದಿಂದ ಹೆಜ್ಜೇನು ಇಳಿಸುವುದು ಹೇಗೆಂದು ಒಂದು ಗಂಟೆ ಹೇಳಿದಳು. ಮೊದಮೊದಲು ಒಂದೊಂದೇ ಮಾತು ಹುಡುಕಿ ಹೇಳಿದಳು. ಆಮೇಲೆ ಅವಳಿಗೆ ಮಣಿಯೇ ಮರೆತುಹೋಯಿತು.

ಮರುದಿನ ಚಿನ್ನಿ ಅಳದೆ ಪಾಠ ಕೇಳುತ್ತ ಕೂತಳು. ಬೊಳ್ಳಿ ಹೋಗಲು ಮನಸ್ಸಾಗದೆ ಬಾಗಿಲಲ್ಲೇ ನಿಂತಿದ್ದಳು. ಟೀಚರ್ ಅವಳ ಕಿವಿಗೂ ಒಂದು ಮಣಿ ಸಿಕ್ಕಿಸಿ ಪಾಠ ಮುಂದುವರಿಸಿದರು. ಅವಳದೇ ದನಿ, ಅವಳದೇ ನುಡಿ, ಹಗಲು ರಾತ್ರಿ ಯಾಕೆ ಆಗುತ್ತವೆಂದು ನಿಧಾನವಾಗಿ ಬಿಡಿಸಿ ಹೇಳತೊಡಗಿತು. ಬೊಳ್ಳಿಗೆ ಅದು ಯಾವತ್ತೂ ಗೊತ್ತಿರದ ಸಂಗತಿ.

"ಟೀಚರ್, ಇದನ್ನ ನಾನೇ ಹೇಳ್ತಿದೀನಾ?"

"ಹೂಂ, ನೀವೇ."

"ಹಾಗಾದ್ರೆ ಪೂರ್ತಿ ಕೇಳ್ಬೇಕು" ಎಂದ ಬೊಳ್ಳಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಮಗಳ ಪಕ್ಕದ ಚಾಪೆಯ ಮೇಲೆ ಕೂತಳು.